ಚೀಲ ಹಾಕದ ತೆನೆಗಳು

ಮೇ ೪

ಕತ್ತರಿಯ ಒಡತಿ, ಇಂಚುಟೇಪಿನ ಧಣಿ, ನನ್ನ ಏಕಮಾತ್ರ ಅಕ್ಕನ ಸಮ್ಮುಖಕ್ಕೆ,

ಬೀಜ ಸಂಶೋಧನಾ ಕೇಂದ್ರದ ಕಿರಿಯ ಸಹಾಯಕನ ವರದಿ. ವಿಷಯ: 'ಅವನು ಅಲ್ಲಿ ದಿನವಿಡೀ ಏನು ಕಡಿದು ಕಟ್ಟೆ ಹಾಕ್ತಾನೆ' ಎಂದು ಅಪ್ಪ ಎತ್ತಿರುವ ಆಕ್ಷೇಪಣೆ.

ಆಕ್ಷೇಪಣೆಯನ್ನು ಪರಿಶೀಲಿಸಲಾಯಿತು. ಉತ್ತರ ಇಷ್ಟು: ಮೆಕ್ಕೆಜೋಳದ ಕಾಳನ್ನು ನೋಡುತ್ತೇನೆ. ನಮ್ಮಲ್ಲೊಂದು ಗಾಜಿನ ಮೇಜಿದೆ, ಅದರ ಹೊಟ್ಟೆಯೊಳಗೆ ದೀಪವಿದೆ. ಕಾಳು ಸುರಿದರೆ ಹೆಚ್ಚಿನವು ಬೆಳಕನ್ನು ಒಳಗೆ ಬಿಟ್ಟುಕೊಂಡು ಜೇನಿನ ಬಣ್ಣಕ್ಕೆ ಹೊಳೆಯುತ್ತವೆ. ಕೆಲವು ಮಾತ್ರ ಸೀಮೆಸುಣ್ಣದ ಚೂರಿನಂತೆ ಮುಖ ಗಂಟಿಕ್ಕಿಕೊಂಡು ಕೂರುತ್ತವೆ, ಒಂದು ಎಳೆ ಬೆಳಕನ್ನೂ ಒಳಗೆ ಬಿಡುವುದಿಲ್ಲ. ಹೊಳೆಯುವವು ಎಡದ ತಟ್ಟೆಗೆ, ಗಂಟುಮುಖದವು ಬಲದ ತಟ್ಟೆಗೆ. ಇದಕ್ಕಾಗಿ ನಾನು ಐದು ವರ್ಷ ಓದಿದ್ದೇನೆ.

ವಿಷಯ ಏನೆಂದರೆ, ಕಾಳಿನೊಳಗೆ ಯಾವ ಸಾರವನ್ನು ಎಷ್ಟು ತುಂಬಿಡಬೇಕು ಎಂದು ಹೇಳುವ ಜೀನುಗಳಿವೆ. ಅವುಗಳಲ್ಲೊಂದು ಉಗ್ರಾಣದ ಮೇಸ್ತ್ರಿ ಇದ್ದ ಹಾಗೆ. ಮೇಸ್ತ್ರಿ ನೆಟ್ಟಗಿದ್ದರೆ ಅಗ್ಗದ ಪ್ರೋಟೀನನ್ನೇ ಒತ್ತಿ ಒತ್ತಿ ತುಂಬಿಸುತ್ತಾನೆ. ಕಾಳು ಗಟ್ಟಿಯಾಗಿ ಹೊಳೆಯುತ್ತದೆ, ತಿಂದವರ ಮೈಗೆ ಹತ್ತುವುದು ಮಾತ್ರ ಅಷ್ಟಕ್ಕಷ್ಟೆ. ಅವನು ಕೆಟ್ಟು ಕೂತರೆ ಆ ಸರಕು ಕಡಿಮೆಯಾಗಿ, ನಮ್ಮ ಮೈ ತಾನಾಗಿ ತಯಾರಿಸಿಕೊಳ್ಳಲಾರದ ಒಳ್ಳೆಯ ಸಾರ ಹೆಚ್ಚುತ್ತದೆ. ಆದರೆ ಕಾಳು ಮೆತ್ತಗಾಗಿಬಿಡುತ್ತದೆ. ಚೀಲದಲ್ಲೇ ಪುಡಿಯಾಗುತ್ತದೆ, ಹುಳ ಹುಡುಕಿಕೊಂಡು ಬರುತ್ತದೆ. ಒಳಗೆ ಸಾರವೂ ಇರಬೇಕು, ಹೊರಗೆ ಗಟ್ಟಿಯೂ ಇರಬೇಕು, ಅಂಥ ಕಾಳು ಹುಟ್ಟಿಸಬೇಕು ಎಂಬುದು ನಮ್ಮ ಮೇಡಂ ಅವರ ಕನಸು. ಅವರದು ಕನಸು, ನನ್ನದು ಕೂಲಿ.

ಇನ್ನೊಂದು ವಿಚಿತ್ರ ಕೇಳು. ಒಂದು ಪರಾಗದ ಕಣ ಎರಡು ಗಂಡು ಜೀವಕಣಗಳನ್ನು ಹೊತ್ತು ತರುತ್ತದೆ. ಒಂದರಿಂದ ಮುಂದೆ ಮೊಳಕೆಯಾಗುವ ಕೂಸು ಹುಟ್ಟುತ್ತದೆ. ಇನ್ನೊಂದರಿಂದ ಹುಟ್ಟುವುದೇ ಕಾಳಿನ ಹಿಟ್ಟು. ಅಂದರೆ ಹಿಟ್ಟು ಕೂಸಿನ ಒಡಹುಟ್ಟು, ಒಂದೇ ಗಳಿಗೆಯಲ್ಲಿ ಹುಟ್ಟಿದ್ದು. ಕೂಸು ಅದನ್ನು ತಿಂದು ಗಿಡವಾಗುತ್ತದೆ. ಹಿಟ್ಟಿನ ಕಥೆ ಅಲ್ಲಿಗೆ ಮುಗಿಯಿತು. ಇದರಲ್ಲಿ ತಮಾಷೆ ಎಲ್ಲಾದರೂ ಸಿಗುತ್ತದಾ ಅಂತ ಹುಡುಕುತ್ತಿದ್ದೇನೆ. ಸದ್ಯಕ್ಕೆ ಸಿಕ್ಕಿಲ್ಲ.

ಅಪ್ಪನ ಕಾಲು ಹೇಗಿದೆ?

ಇಂತು,
ಗಂಟುಮುಖದ ಕಾಳುಗಳ ಮಹಾಮಂಡಲಾಧಿಪತಿ,
ನಿನ್ನ ತಮ್ಮ


ಮೇ ೧೫

ಕೋತಿಗೆ,

ವರದಿಯನ್ನು ಅಪ್ಪನಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಕಾಳು ನೋಡೋಕೂ ಸಂಬಳ ಕೊಡ್ತಾರಾ?" ಅಂದರು. ಕೊಡ್ತಾರೆ ಅಂದೆ. "ಹಾಗಾದ್ರೆ ನಿಧಾನವಾಗಿ ನೋಡೋಕೆ ಹೇಳು, ಬೇಗ ಮುಗಿಸಿಬಿಟ್ಟಾನು" ಅಂದರು.

ಕಾಲು ಕೂಡಿಕೊಳ್ಳುತ್ತಿದೆ, ಆದರೆ ಮೆಟ್ಟಿಲಿನ ಮಾತೇ ಬೇಡ ಅಂತ ಡಾಕ್ಟರು ಹೇಳಿದ್ದಾರೆ. ನಾವಿರುವುದು ಎರಡನೇ ಮಹಡಿ. ಹಾಗಾಗಿ ಬಿದ್ದ ದಿನದಿಂದ ಅಪ್ಪ ಬೀದಿ ನೋಡಿಲ್ಲ. ಬೆಳಿಗ್ಗೆ ನಾನು ಸ್ನಾನ ಮಾಡಿಸಿ ಟೈಲರ್ ಅಂಗಡಿಗೆ ಹೋಗುತ್ತೇನೆ, ಮಧ್ಯಾಹ್ನ ಓಡಿ ಬಂದು ಊಟ ಕೊಟ್ಟು ಮತ್ತೆ ಓಡುತ್ತೇನೆ. ಜೀವಮಾನವೆಲ್ಲ ಬಸ್ಸಿನಲ್ಲಿ ಟಿಕೆಟ್ ಹರಿದವರಲ್ಲವಾ, ವಾಕರ್ ಹಿಡಿದು ಬಚ್ಚಲಿಗೆ ಹೋಗುವಾಗ ಬಾಗಿಲಲ್ಲಿ ನಾನು ನಿಂತಿದ್ದರೆ ಈಗಲೂ "ಮುಂದೆ ಹೋಗಿ, ಮುಂದೆ ಹೋಗಿ, ದಾರೀಲಿ ನಿಲ್ಲಬೇಡಿ" ಅಂತಾರೆ.

ನಿನ್ನ ಹಿಟ್ಟಿನ ವಿಷಯ ಓದಿದೆ. ಆ ಎರಡನೆಯದನ್ನು ಯಾರಾದರೂ ಒಂದು ಮಾತು ಕೇಳಿದ್ದರಾ?

ಇರಲಿ. ನಿನ್ನ ಇನ್ನೊಂದು ಪತ್ರವೂ ಅದೇ ವಾರ ಬಂತು. ನಾಟಕದ ಉಡುಪು ಕಲಿಸುವ ಶಾಲೆಯಿಂದ ಬಂದ ಹಾಗೆ ಬರೆದದ್ದು. "ತಮ್ಮ ಕತ್ತರಿಯ ಹಿಡಿತವನ್ನು ಸಮಿತಿಯು ಏಕಕಂಠದಿಂದ ಮೆಚ್ಚಿದೆ" ಎಂದು ಓದುತ್ತಿದ್ದಂತೆ ಇದು ನಮ್ಮ ಕೋತಿಯದೇ ಅಂತ ಗೊತ್ತಾಯಿತು. ಆಯ್ಕೆಯ ಪಟ್ಟಿ ಏಪ್ರಿಲ್‌ನಲ್ಲೇ ಬಂತು, ನನ್ನ ಹೆಸರಿರಲಿಲ್ಲ, ಅದು ನಿನಗೂ ಗೊತ್ತು. ಈಗ ಯಾರೋ ಬಿಟ್ಟ ಜಾಗ ಖಾಲಿ ಇದೆಯಂತೆ, ಜುಲೈ ಒಂದರೊಳಗೆ ಬಂದು ಸೇರಬೇಕಂತೆ. ಮೊಹರು ಓರೆಯಾಗಿತ್ತು. ಈ ಸಲವೂ ಆಲೂಗೆಡ್ಡೆಯಲ್ಲೇ ಕೆತ್ತಿದೆಯಾ? ಒಟ್ಟಾರೆ ಹತ್ತಕ್ಕೆ ಏಳು ಕೊಡಬಹುದು.

ಕಾಗದ ದಪ್ಪಗಿತ್ತು, ದಂಡ ಮಾಡಲಿಲ್ಲ. ಅದರಲ್ಲಿ ಒಂದು ಕಾಲರಿನ ಮಾದರಿ ಕತ್ತರಿಸಿಕೊಂಡೆ. ಚೆನ್ನಾಗಿ ಬಂದಿದೆ.

ಒಂದು ಮಾತು. ಬೇರೆ ಯಾವುದರಲ್ಲಾದರೂ ಆಟ ಆಡು. ಇದರಲ್ಲಿ ಬೇಡ.

ಅಕ್ಕ


ಮೇ ೨೪

ಪೂಜ್ಯ ಪರೀಕ್ಷಕರಿಗೆ,

ಹತ್ತಕ್ಕೆ ಏಳು ಸಿಕ್ಕಿದ್ದು ತಿಳಿಯಿತು.

ಇಲ್ಲಿ ಮದುವೆಯ ಸೀಸನ್ ಹತ್ತಿರ ಬರುತ್ತಿದೆ. ಜೂನ್ ಕೊನೆಯ ವಾರ ನನ್ನ ಸಾಲುಗಳ ತೆನೆಯಿಂದ ಕೂದಲು ಇಣುಕುತ್ತದೆ. ಪ್ರತಿ ಕೂದಲಿನ ಬುಡದಲ್ಲಿ ಒಂದೊಂದು ಕಾಳು ಕಾಯುತ್ತಿರುತ್ತದೆ. ಕೂದಲು ಇಣುಕುವ ಮೊದಲೇ ತೆನೆಗೆ ಕಾಗದದ ಚೀಲ ತೊಡಿಸಬೇಕು. ಆಮೇಲೆ ಬೆಳಿಗ್ಗೆ ಬೆಳಿಗ್ಗೆ, ನಾವು ಆರಿಸಿದ ಗಂಡಿನ ಪರಾಗ ತಂದು, ಚೀಲ ತೆಗೆದು, ಉದುರಿಸಿ, ಮತ್ತೆ ಚೀಲ ಹಾಕಬೇಕು. ನಾನು ಪ್ರತಿ ಚೀಲದ ಮೇಲೂ ವಧೂವರರ ಸಂಖ್ಯೆಯ ಕೆಳಗೆ 'ಉಡುಗೊರೆ ಸ್ವೀಕರಿಸುವುದಿಲ್ಲ' ಎಂದು ಬರೆಯುತ್ತೇನೆ. ಮೇಡಂ ಇನ್ನೂ ಗಮನಿಸಿಲ್ಲ.

ಚೀಲ ಹಾಕದೆ ಬಿಟ್ಟ ತೆನೆಯ ಮೇಲೆ ಗಾಳಿಯಲ್ಲಿ ಬಂದ ದಾರಿಹೋಕ ಪರಾಗವೆಲ್ಲ ಕೂರುತ್ತದೆ. ಆ ಕಾಳುಗಳ ಅಪ್ಪ ಯಾರು ಅಂತ ಆಮೇಲೆ ಯಾರೂ ಹೇಳಲಾರರು. ಅಂಥ ತೆನೆಗಳು ಕಾವಲುಗಾರನ ಕೋಳಿಗಳಿಗೆ ಹೋಗುತ್ತವೆ. ಕೋಳಿಗಳು ವಂಶಾವಳಿ ಕೇಳುವುದಿಲ್ಲ.

ಈ ಸಲದ ನನ್ನ ಸಾಲುಗಳು ಕಳೆದ ಎರಡು ವರ್ಷ ಮೇಜಿನ ಮೇಲೆ ಆರಿಸಿ ತೆಗೆದ ಕಾಳುಗಳಿಂದ ಬಂದವು. ಆ ವಾರದ ಮದುವೆ ತಪ್ಪಿದರೆ ಕೆಲಸದ ಜೊತೆ ಮಾಡುತ್ತಿರುವ ನನ್ನ ಡಿಗ್ರಿಯೂ ಒಂದು ವರ್ಷ ಹಿಂದೆ ಬೀಳುತ್ತದೆ. ಆದ್ದರಿಂದ ಆ ವಾರ ನನ್ನನ್ನು ಯಾರೂ ಯಾವ ಕಾರಣಕ್ಕೂ ಕರೆಯತಕ್ಕದ್ದಲ್ಲ ಎಂದು ಈ ಮೂಲಕ ಪ್ರಕಟಿಸಲಾಗಿದೆ.

ಅದಿರಲಿ, ಮೊಹರು ಓರೆಯಾಗಿತ್ತು ಅಂದೆಯಲ್ಲ. ಎಷ್ಟು ಓರೆ?

ಇಂತು,
ಜೋಳದ ಮದುವೆ ದಲ್ಲಾಳಿ,
ನಿನ್ನ ತಮ್ಮ


ಜೂನ್ ೨

ಅಕ್ಕ,

ಶಾಲೆಯ ಪತ್ರ ನನ್ನದಲ್ಲ.

ಹೋದ ಪತ್ರದಲ್ಲೇ ಬರೆಯಬೇಕಿತ್ತು. ಬರೆಯಲು ಕೂತಾಗ ಜೋಳದ ಮದುವೆ ನೆನಪಾಯಿತು, ಅದನ್ನೇ ಬರೆದು ಅಂಚೆಗೆ ಹಾಕಿಬಿಟ್ಟೆ. ಯಾಕೆ ನೆನಪಾಯಿತು ಅಂತ ನನಗೂ ಗೊತ್ತು, ನಿನಗೂ ಗೊತ್ತಾಗುತ್ತದೆ.

ಆ ಕಾಲರನ್ನು ಎಸೆಯಬೇಡ. ಅದರಲ್ಲಿ ಶಾಲೆಯ ಫೋನ್ ನಂಬರಿನ ಜಾಗ ಉಳಿದಿದ್ದರೆ ಇವತ್ತೇ ಫೋನ್ ಮಾಡು.

ತಮ್ಮ


ಜೂನ್ ೧೦

ಕೋತಿಗೆ,

ಇದು ಹೊಸ ವೇಷ. ಬಿರುದಿಲ್ಲ, ಬಾವಲಿಯಿಲ್ಲ, ನಾಲ್ಕೇ ಸಾಲು. ಚೆನ್ನಾಗಿದೆ, ಎಂಟೂವರೆ ಕೊಡುತ್ತೇನೆ.

ಫೋನ್ ಮಾಡು ಅಂತೀಯ. 'ದರ್ಜಿಗಳ ಉಚಿತ ಕನ್ನಡಕ ಯೋಜನೆ' ಅಂತ ಕಳಿಸಿದ್ದೆಯಲ್ಲ, ಆಗಲೂ ನಂಬರ್ ಇತ್ತು. ನಾನು ಫೋನ್ ಮಾಡಿ ನಿರ್ದೇಶಕರು ಇದ್ದಾರಾ ಅಂತ ಕೇಳಿದೆ. ಆ ಕಡೆಯವನು ಮೀನಿನಂಗಡಿಯವನು. ಪಾಪ ಒಳ್ಳೆಯವನು, "ನಿರ್ದೇಶಕರು ಖಾಲಿಯಾಗಿದ್ದಾರೆ, ಸೀಗಡಿ ಇದೆ" ಅಂದ. ಈಗಲೂ ನಮ್ಮ ಅಂಗಡಿಯಲ್ಲಿ ಊಟದ ಹೊತ್ತಿಗೆ ಯಾರಾದರೂ ಅದನ್ನು ನೆನೆಸಿಕೊಂಡು ನಗುತ್ತಾರೆ. ಮಾಸ್ಟರ್ ಅಂತೂ ನನಗೆ ಯಾವ ಲಕೋಟೆ ಬಂದರೂ ಮೂಸಿ ನೋಡಿ ಕೊಡುತ್ತಾರೆ.

ಒಂದು ವೇಳೆ ನೀನು ಹೇಳುವುದು ನಿಜ ಅಂತಲೇ ಇಟ್ಟುಕೊಳ್ಳೋಣ. ಆಗ ನಾನು ಕೂತು ಯೋಚನೆ ಮಾಡಬೇಕಾಗುತ್ತದೆ. ಅಪ್ಪನನ್ನು ಯಾರಿಗೆ ಒಪ್ಪಿಸಲಿ, ಬೆಳಿಗ್ಗೆ ಸ್ನಾನ ಯಾರು ಮಾಡಿಸುತ್ತಾರೆ, ನನ್ನ ಓದು ಮುಗಿಯುವವರೆಗಿನ ಎರಡು ವರ್ಷ ಈ ಮಹಡಿಯಲ್ಲಿ ಅವರು ಒಬ್ಬರೇ ಏನು ಮಾಡುತ್ತಾರೆ. ಯೋಚನೆ ಮಾಡಿ ಮಾಡಿ ಕೊನೆಗೆ ಹೋಗುವುದಿಲ್ಲ ಅಂತ ನನ್ನ ಬಾಯಿಂದಲೇ ಬರಬೇಕಾಗುತ್ತದೆ.

ಆ ಪತ್ರ ನಿನ್ನದೇ ಆಗಿರಲಿ. ನನಗೆ ಅದೇ ಸುಲಭ.

ಅಕ್ಕ


ಜೂನ್ ೧೭

ಅಕ್ಕ,

ನಾನೇ ಆ ಶಾಲೆಗೆ ಫೋನ್ ಮಾಡಿದೆ. ಮೇಡಂ ಮೇಜಿನ ಮೇಲಿನ ಫೋನಿನಿಂದ, ಮೇಡಂ ಎದುರಿಗೇ. ಜಾಗ ನಿನ್ನದು, ಜುಲೈ ಒಂದರವರೆಗೆ ಹಿಡಿದಿಟ್ಟಿರುತ್ತಾರೆ. ಗುಮಾಸ್ತೆ ನನ್ನನ್ನೇ ಬೈದಳು: "ಪತ್ರ ಕಳಿಸಿ ತಿಂಗಳಾಯ್ತು. ನಿಮ್ಮ ಮನೆಯವರು ಉತ್ತರ ಬರೆಯೋದನ್ನ ಬಿಟ್ಟು ಏನ್ ಮಾಡ್ತಿದಾರೆ?" ಕಾಲರು ಮಾಡ್ತಿದಾರೆ ಅಂತ ಬಾಯಿಗೆ ಬಂತು, ನುಂಗಿಕೊಂಡೆ.

ಇಲ್ಲಿ ನೌಕರರ ಮನೆಗಳಲ್ಲಿ ನೆಲಮಹಡಿಯದು ಒಂದು ಖಾಲಿ ಇದೆ. ಹೊಸ್ತಿಲು ಬಿಟ್ಟರೆ ಮೆಟ್ಟಿಲೇ ಇಲ್ಲ. ಮೇಡಂ ಸಹಿ ಹಾಕಿದ್ದಾರೆ. ಅಪ್ಪ ನನ್ನ ಜೊತೆ ಇರಲಿ. ಸ್ನಾನ ಮಾಡಿಸೋಕೆ ನನಗೂ ಎರಡು ಕೈ ಇವೆ.

ನೀನು ನಂಬುವುದಿಲ್ಲ, ಗೊತ್ತು. ಅದಕ್ಕೆ ನಾನೇ ಬರುತ್ತೇನೆ. ವ್ಯಾನ್ ಗೊತ್ತು ಮಾಡಿದ್ದೇನೆ. ಎರಡನೇ ಮಹಡಿಯಿಂದ ಅಪ್ಪನನ್ನು ಇಳಿಸಲು ಇಲ್ಲಿಂದ ಇಬ್ಬರು ಗೆಳೆಯರೂ ಬರುತ್ತಾರೆ. ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತೇವೆ.

ತಮ್ಮ


ಜೂನ್ ೨೦
(ಕಾರ್ಡು)

ಬರಬೇಡ. ಜೂನ್ ಕೊನೆಯ ವಾರ ನಿನ್ನದು ಅಂತ ನೀನೇ ಬರೆದಿದ್ದೆ. ಎರಡು ವರ್ಷದ ಕೆಲಸ ಬಿಟ್ಟು ಯಾರೂ ಬರೋದು ಬೇಡ. ನನಗೆ ಆ ಋಣ ಹೊರುವ ಶಕ್ತಿ ಇಲ್ಲ.

ಅಕ್ಕ


ಜೂನ್ ೨೨

ಋಣಭಾರದಿಂದ ತತ್ತರಿಸುತ್ತಿರುವ ಅಕ್ಕನವರಿಗೆ,

ತಮ್ಮ ಕಾರ್ಡು ತಲುಪಿದೆ. ಸದರಿ ಕಾರ್ಡಿನಲ್ಲಿ ಎತ್ತಿರುವ ಅಂಶಕ್ಕೆ ಸಂಬಂಧಿಸಿದಂತೆ ಸ್ಪಷ್ಟೀಕರಣ:

ಈ ಸಲ ವಧುಗಳು ತಡ ಮಾಡುತ್ತಿದ್ದಾರೆ. ಬಿತ್ತಿದ ಮೇಲೆ ಮೋಡ ಕವಿದು ಬಿಸಿಲು ಸಾಲದೆ ಗಿಡಗಳು ಮುದುಡಿ ಕೂತವು. ಕೂದಲು ಬರುವುದು ಜುಲೈ ಎರಡನೇ ವಾರ ದಾಟಿದ ಮೇಲೇ ಎಂದು ಮೇಡಂ ಹೊಲ ನೋಡಿ ಹೇಳಿದ್ದಾರೆ. ಅಲ್ಲಿಯವರೆಗೆ ನಾನು ಕೈಕಟ್ಟಿ ಕೂತಿರಬೇಕು. ಕೈಕಟ್ಟಿ ಕೂರುವ ಬದಲು ಅಪ್ಪನನ್ನು ಎತ್ತಿಕೊಂಡು ಮೆಟ್ಟಿಲು ಇಳಿಯುವುದು ಆರೋಗ್ಯಕ್ಕೆ ಒಳ್ಳೆಯದು.

ಆದ್ದರಿಂದ ಯಾವ ಋಣವೂ ಹುಟ್ಟಿಕೊಂಡಿರುವುದಿಲ್ಲ. ಪೆಟ್ಟಿಗೆ ಕಟ್ಟು. ಕಾಲರನ್ನು ಪೆಟ್ಟಿಗೆಯ ಮೇಲ್ಗಡೆ ಇಟ್ಟುಕೋ, ಶಾಲೆಯಲ್ಲಿ ಕೇಳಿದರೆ ಅದನ್ನೇ ತೋರಿಸಬೇಕಾಗಬಹುದು.

ಇಂತು,
ಸದ್ಯಕ್ಕೆ ನಿರುದ್ಯೋಗಿ ದಲ್ಲಾಳಿ,
ನಿನ್ನ ತಮ್ಮ


ಜುಲೈ ೧೬

ನಾಟಕದುಡುಪಿನ ಮಹಾವಿದ್ಯಾರ್ಥಿನಿಗೆ,

ಅಪ್ಪ ಇಲ್ಲಿ ಚೆನ್ನಾಗಿದ್ದಾರೆ. ಮೊದಲ ದಿನ ಹೊಸ್ತಿಲ ಮೇಲೆ ನಿಂತು ಬೀದಿಯನ್ನು ತುಂಬ ಹೊತ್ತು ನೋಡಿದರು. ಏನಪ್ಪಾ ಅಂದರೆ, "ಈ ರೂಟು ಗೊತ್ತಿಲ್ಲ" ಅಂದರು. ಈಗ ಬೆಳಿಗ್ಗೆ ವಾಕರ್ ಹಿಡಿದು ಗೇಟಿನವರೆಗೆ ಹೋಗಿ ಬರುತ್ತಾರೆ. ಸ್ನಾನದಲ್ಲಿ ನೀರು ಬಿಸಿ ಸಾಲದು, ನನ್ನ ಕೈ ಒರಟು, ಬೆನ್ನಿಗೆ ಸೋಪು ಸರಿಯಾಗಿ ಹಚ್ಚಲ್ಲ ಎಂದು ಒಟ್ಟು ಮೂರು ದೂರುಗಳಿವೆ. ಮೂರನ್ನೂ ಸ್ವೀಕರಿಸಲಾಗಿದೆ.

ಹೊತ್ತು ಹೋಗಲಿ ಅಂತ ಅವರನ್ನು ಬೆಳಕಿನ ಮೇಜಿನ ಮುಂದೆ ಕೂರಿಸಿದೆ. ಹಿಂದಿನ ಬೆಳೆಯ ಕಾಳು ಸುರಿದು, ಹೊಳೆಯುವುದು ಎಡಕ್ಕೆ, ಹೊಳೆಯದ್ದು ಬಲಕ್ಕೆ ಎಂದು ಹೇಳಿಕೊಟ್ಟೆ. ಚಹಾ ಕುಡಿದು ಬರುವಷ್ಟರಲ್ಲಿ ಕಾಳೆಲ್ಲ ಎಡದ ತಟ್ಟೆಯಲ್ಲಿತ್ತು. ಬಲದ ತಟ್ಟೆ ತೊಳೆದಿಟ್ಟ ಹಾಗಿತ್ತು.

"ಅಪ್ಪಾ, ಇದೆಲ್ಲ ಹೊಳೆಯುತ್ತಾ?"

"ಇಲ್ಲ."

"ಮತ್ತೆ ಎಡಕ್ಕೆ ಯಾಕೆ ಹಾಕಿದ್ರಿ?"

"ಬಲಕ್ಕೆ ಹಾಕಿದ್ರೆ ಏನ್ ಮಾಡ್ತೀಯ ಅಂತ ನೀನು ಹೇಳಲಿಲ್ಲ. ಇಳಿಸಿಬಿಡ್ತೀಯೇನೋ ಅಂದ್ಕೊಂಡೆ. ಟಿಕೆಟ್ ತಗೊಂಡೋರನ್ನ ದಾರಿ ಮಧ್ಯೆ ಇಳಿಸೋಕಾಗಲ್ಲ ಕಣೋ."

ನಮಗೆ ಬೇಕಾದದ್ದೇ ಬಲದ ತಟ್ಟೆಯವು ಅಂತ ವಿವರಿಸಿದೆ. ಮರುದಿನ ಎಲ್ಲವನ್ನೂ ಬಲಕ್ಕೆ ಹಾಕಿದ್ದರು. ನಾನು ಮತ್ತೆ ಮೊದಲಿಂದ ಆರಿಸುತ್ತಿದ್ದೇನೆ. ಮೇಡಂ ನೋಡಿ ನಕ್ಕು ಹೋದರು.

ಹೋದ ಮೇಲೆ ನೀನು ಒಂದು ಸಾಲೂ ಬರೆದಿಲ್ಲ. ಮೊಹರು ಎಷ್ಟು ಓರೆ ಅಂತ ಈಗಲಾದರೂ ತಿಳಿಸು.

ಇಂತು,
ಬಲದ ತಟ್ಟೆಯ ಅಧ್ಯಕ್ಷ,
ನಿನ್ನ ತಮ್ಮ

ಮಗಳಿಗೆ ಅಪ್ಪ ಮಾಡುವ ಆಶೀರ್ವಾದ. ಇವನು ಕಾಗದದಲ್ಲಿ ಜಾಗ ಬಿಟ್ಟಿದ್ದಾನೆ, ಅದಕ್ಕೆ ಬರೆಯುತ್ತಿದ್ದೇನೆ. ಕಾಲು ಪರವಾಗಿಲ್ಲ. ಇವನು ಸೋಮಾರಿ. ಗೇಟಿನ ಹತ್ತಿರದ ಹೊಲದಲ್ಲಿ ಉಳಿದವರು ತಮ್ಮ ತಮ್ಮ ತೆನೆಗೆಲ್ಲ ಚೀಲ ಹಾಕಿದ್ದಾರೆ. ಇವನ ಸಾಲುಗಳಲ್ಲಿ ಮಾತ್ರ ಒಂದಕ್ಕೂ ಇಲ್ಲ, ಕೂದಲು ಒಣಗಿ ಕಂದಾಗಿ ನೇತಾಡುತ್ತಿದೆ. ನೀನಾದರೂ ಸ್ವಲ್ಪ ಬುದ್ಧಿ ಹೇಳು.


ಆಗಸ್ಟ್ ೫

ಕೋತಿಗೆ,

ಬರೆಯಲು ತಡವಾಯಿತು. ಇಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ನಿಂತೇ ಕೆಲಸ. ಒಂದು ಉದ್ದನೆಯ ಕೋಣೆ, ಗೋಡೆಗುಂಟ ಮರದ ಬೊಂಬೆಗಳು, ಒಂದಕ್ಕೂ ತಲೆಯಿಲ್ಲ. ಮೊದಲ ವಾರ ರಾಜನ ನಿಲುವಂಗಿ ಕೊಟ್ಟರು. ಒಳಗೆ ಗೋಣಿಬಟ್ಟೆ, ಹೊರಗೆ ಮಾತ್ರ ರೇಷ್ಮೆಯ ಹೊಳಪು. ದೀಪದಲ್ಲಿ ರಾಜ ಅಂತ ಕಾಣಿಸಿದರೆ ಸಾಕಂತೆ. ನಿನ್ನ ಮೇಡಂ ನೋಡಿದರೆ ನಗುತ್ತಿದ್ದರು.

ನೀನು ಕೇಳಿದ್ದಕ್ಕೆ ಉತ್ತರ: ಮೊಹರು ನಿಜವಾಗಿಯೂ ಓರೆ. ಹಿಡಿ ಸಡಿಲವಾಗಿದೆ, ಗುಮಾಸ್ತೆ ಒತ್ತಿದಾಗೆಲ್ಲ ಪಕ್ಕಕ್ಕೆ ಜಾರುತ್ತದೆ. ನಾನು ನಿಂತು ನೋಡಿದೆ. ಪತ್ರ ಎಲ್ಲಿ ಅಂತ ಅವಳು ಕೇಳಿದಾಗ ಕಾಲರನ್ನೇ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ ಫೈಲಿಗೆ ಸೇರಿಸಿದಳು. "ಸಮಿತಿಯು ಏಕಕಂಠದಿಂದ" ಅಂತ ಬರೆಯುವವಳೂ ಅವಳೇ. ನೀವಿಬ್ಬರೂ ಒಬ್ಬರನ್ನೊಬ್ಬರು ನೋಡಬೇಕು.

ಅಪ್ಪ ಬರೆದದ್ದನ್ನು ಓದಿದೆ. ಕೂದಲು ಒಣಗಿ ಕಂದಾಗಿದೆ ಅಂದರು. ಜುಲೈ ಎರಡನೇ ವಾರ ದಾಟಿದ ಮೇಲೆ ಇಣುಕುವ ಕೂದಲು ಹದಿನಾರನೇ ತಾರೀಕಿಗೆ ಒಣಗುವುದಿಲ್ಲ. ಅಷ್ಟು ನಾನೂ ಓದಿಕೊಂಡಿದ್ದೇನೆ, ನಿನ್ನ ಪತ್ರಗಳಿಂದಲೇ. ಅವು ಇಣುಕಿದ್ದು ನೀನು ನಮ್ಮ ಮನೆಯ ಮೆಟ್ಟಿಲ ಮೇಲೆ ಅಪ್ಪನ ಕುರ್ಚಿ ಹಿಡಿದುಕೊಂಡು "ಹಿಂದೆ ಸರಿಯಿರಿ, ಮೆರವಣಿಗೆ ಬರ್ತಿದೆ" ಅಂತ ಅಕ್ಕಪಕ್ಕದವರನ್ನೆಲ್ಲ ನಗಿಸುತ್ತಿದ್ದ ವಾರ.

ನನಗೆ ಆಗಲೇ ಅನುಮಾನ ಬರಬೇಕಿತ್ತು. ದಾರಿಯುದ್ದಕ್ಕೂ ನೀನು ಎಲ್ಲದರ ಬಗ್ಗೆ ತಮಾಷೆ ಮಾಡಿದೆ. ವ್ಯಾನಿನ ಬಗ್ಗೆ, ನನ್ನ ಪೆಟ್ಟಿಗೆಯ ಬಗ್ಗೆ, ಅಪ್ಪನ ಪೈಜಾಮದ ಬಗ್ಗೆ. ಜೋಳದ ಬಗ್ಗೆ ಮಾತ್ರ ಒಂದೂ ಮಾಡಲಿಲ್ಲ.

ನಿಜ ಬರೆದಾಗ ನಂಬಲಿಲ್ಲ. ಆ ಕನ್ನಡಕದ ಯೋಜನೆಯ ಮೇಲೆ ನಿನ್ನ ಒಂದೇ ಒಂದು ಸುಳ್ಳು ನಂಬಿದೆ, ಅದೂ ಇದು.

ಆ ಎರಡನೆಯದನ್ನು ಈ ಸಲವೂ ಯಾರೂ ಕೇಳಲಿಲ್ಲ. ನಾನಾದರೂ ಕೇಳಬೇಕಿತ್ತು.

ತೆನೆಗಳು ಎಲ್ಲ ಹೋದವಾ? ತಮಾಷೆ ಬೇಡ, ಇದ್ದದ್ದನ್ನು ಬರೆ.

ಅಕ್ಕ


ಸೆಪ್ಟೆಂಬರ್ ೨

ಅಕ್ಕ,

ಇದ್ದದ್ದನ್ನು ಬರೆಯತಕ್ಕದ್ದು ಎಂಬ ಆದೇಶ ತಲುಪಿತು.

ಮೊದಲನೆಯದಾಗಿ, ಸದರಿ ಎರಡನೆಯದು ಯಾರೂ ಕೇಳುವ ಮೊದಲೇ ತಾನಾಗಿ ಮುಂದೆ ಬಂದಿತ್ತು ಎಂದು ತಿಳಿದುಬಂದಿದೆ. ವಿಚಾರಣೆಯನ್ನು ಕೈಬಿಡಲಾಗಿದೆ.

ಮೇಜಿನ ಮೇಲೆ ಆರಿಸಿದ ಕಾಳಿನಲ್ಲಿ ಒಂದು ಹಿಡಿಯನ್ನು ಮೇಡಂ ತೆಗೆದಿಟ್ಟಿದ್ದಾರೆ. ಮುಂದಿನ ವರ್ಷ ಅದನ್ನೇ ಬಿತ್ತು ಅಂದರು. ಹೊರಡುವಾಗ ಬಾಗಿಲಲ್ಲಿ ನಿಂತು, ಚೀಲಗಳ ಮೇಲೆ ಉಡುಗೊರೆಯ ವಿಷಯ ಬರೆಯುವುದನ್ನು ಮುಂದಿನ ವರ್ಷ ನಿಲ್ಲಿಸಬೇಕು ಎಂದರು. ಗಮನಿಸಿದ್ದರು.

ಅಪ್ಪ ಈಗ ಎರಡೂ ತಟ್ಟೆಗೆ ಸಮಸಮ ಹಾಕುತ್ತಾರೆ, ಯಾರಿಗೂ ಬೇಜಾರಾಗಬಾರದು ಅಂತ. ಸಂಜೆ ಗೇಟಿನಿಂದ ಬಂದ ಮೇಲೆ ದಿನವೂ ಒಂದೇ ಪ್ರಶ್ನೆ: "ಅವಳಿಗೆ ಅಲ್ಲಿ ಕೂತ್ಕೊಳ್ಳೋಕೆ ಜಾಗ ಇದೆಯಂತಾ?" ಇಲ್ಲವಂತೆ, ದಿನವಿಡೀ ನಿಂತೇ ಇರ್ತಾಳಂತೆ ಅಂತ ಇವತ್ತು ಓದಿ ಹೇಳಿದೆ. ವಾಕರನ್ನು ಗೋಡೆಗೆ ಒರಗಿಸಿ, "ನಿಂತ್ರೂ ಪರವಾಗಿಲ್ಲ, ಹತ್ತಿದಳಲ್ಲ" ಅಂದರು.

ನನ್ನ ಸಾಲುಗಳನ್ನು ಹೋದ ವಾರ ಕೊಯ್ದೆವು.

ಕೋಳಿಗಳು ಚೆನ್ನಾಗಿವೆ.

ತಮ್ಮ